ಅವರ ಬಾಳು ಅವರ ಮಾತಲ್ಲೇ: ಮಲೆನಾಡಿನ ಅಂಗವಿಕಲರ ಮೌಖಿಕ ಇತಿಹಾಸ ರೆಕಾರ್ಡ್ ಮಾಡುವವರಿಗೆ

ತೀರ್ಥಹಳ್ಳಿ ಕಡೆಯ ಒಂದು ಮನೆಯ ಜಗಲಿ. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಹಿರಿಯರೊಬ್ಬರು ಗೋಡೆಗೆ ಒರಗಿ ಕೂತಿದ್ದರು. ಒಂದು ಕಾಲದಲ್ಲಿ ಆ ಸೀಮೆಗೇ ಹೆಸರಾಗಿದ್ದ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಕೊಯ್ಯುವವರು. ಅವರ ಅಂಗಿಗೆ ಮೈಕ್ ಸಿಕ್ಕಿಸಿ, ‘ನೀವು ಮೊದಲು ಮರ ಹತ್ತಿದ್ದು ಎಷ್ಟನೇ ವಯಸ್ಸಿಗೆ?’ ಅಂದೆ. ‘ಹದಿನಾರೋ ಹದಿನೇಳೋ ಇರ್ಬೇಕು, ಆಗ...’ ಅಂತ ಶುರು ಮಾಡಿದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಮಗ, ‘ಅಪ್ಪಯ್ಯಂಗೆ ಅದೆಲ್ಲ ನೆನಪಿಲ್ಲ, ನಾನ್ ಹೇಳ್ತೀನಿ ಬರ್ಕಳಿ’ ಅಂದರು.

ಅವತ್ತು ನಲವತ್ತು ನಿಮಿಷ ರೆಕಾರ್ಡ್ ಆಯಿತು. ಮನೆಗೆ ಬಂದು ಕೇಳಿ ಲೆಕ್ಕ ಹಾಕಿದರೆ ಅಪ್ಪಯ್ಯನ ದನಿ ಇದ್ದದ್ದು ಆರೇ ನಿಮಿಷ. ಮಿಕ್ಕಿದ್ದೆಲ್ಲ ಮಗನದು: ಆಸ್ಪತ್ರೆಗೆ ಎಷ್ಟು ಖರ್ಚಾಯಿತು, ಮಾಸಾಶನ ಯಾವಾಗ ನಿಂತುಹೋಯಿತು, ಯಾರ ಹತ್ತಿರ ಸಾಲ ಮಾಡಿದರು. ಸುಳ್ಳೇನೂ ಇರಲಿಲ್ಲ. ಆದರೆ ಅದು ಮಗನ ಬಾಳಿನ ಕತೆ.

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಆರು ನಿಮಿಷದಿಂದ ಬಂದದ್ದು. ಅಂಗವಿಕಲರ ಬಗ್ಗೆ ದಾಖಲೆಗಳಿಗೆ ಬರವಿಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಜನ ಅಂತ ಎಣಿಸಿತು. ಡಾಕ್ಟರ ಬಳಿ ಫೈಲು ಇದೆ, ಪಂಚಾಯ್ತಿಯಲ್ಲಿ ಪಟ್ಟಿ ಇದೆ, ಮನೆಯವರ ಬಳಿ ಅವರದೇ ವರ್ಣನೆ ಇದೆ. ಎಲ್ಲರೂ ಒಂದೊಂದು ಪಾಠ ಒಪ್ಪಿಸಿಯಾಗಿದೆ. ಇನ್ನೂ ಸರಿಯಾಗಿ ಕೇಳಿಸಿಕೊಳ್ಳದೆ ಉಳಿದದ್ದು ಆ ಮನುಷ್ಯರ ಸ್ವಂತ ಮಾತು. ಅದನ್ನು ಹಿಡಿಯಲು ಬೇಕಾದಷ್ಟನ್ನು, ನಾನು ಮುಗ್ಗರಿಸಿದ ಕಡೆಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಯಾರನ್ನು ಕೇಳುವುದು, ಎಲ್ಲಿ ಹುಡುಕುವುದು

ಮೊದಲ ಬಾಗಿಲು ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರದು. ಊರಲ್ಲಿ ಅವರನ್ನು ವಿ.ಆರ್.ಡಬ್ಲ್ಯೂ ಅಂತಲೇ ಕರೆಯುವುದು. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ವಿ.ಆರ್.ಡಬ್ಲ್ಯೂಗಳು ತಾವೇ ಅಂಗವಿಕಲರು. ಪಟ್ಟಿ ಕೇಳಲು ಹೋದವರು ಪಟ್ಟಿ ಇಸಕೊಂಡು ಬಂದುಬಿಡಬೇಡಿ, ಮೊದಲ ರೆಕಾರ್ಡಿಂಗ್ ಅವರದೇ ಮಾಡಿ. ಗುಡ್ಡದ ಮೇಲೊಂದು ಮನೆ, ಹಳ್ಳದಾಚೆ ಒಂದು ಮನೆ ಇರುವ ಪಂಚಾಯ್ತಿಯಲ್ಲಿ ಊರುಗೋಲು ಹಿಡಿದು ಮನೆ ಮನೆ ತಿರುಗಿದವರ ಬಳಿ ಒಬ್ಬರ ಬಾಳು ಮಾತ್ರವಲ್ಲ, ಇಡೀ ಸೀಮೆಯ ನಕ್ಷೆಯೇ ಇರುತ್ತದೆ.

ಆದರೆ ಪಟ್ಟಿಯಲ್ಲಿ ಇರುವುದು ಸರ್ಟಿಫಿಕೇಟ್ ಇದ್ದವರು. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು 7 ಇದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅವು 21 ಆದವು. ಕುಬ್ಜತೆ, ಪಾರ್ಕಿನ್ಸನ್, ಕಲಿಕಾ ನ್ಯೂನತೆ, ಆಟಿಸಂ ಎಲ್ಲ ಒಳಗೆ ಬಂದದ್ದು ಆಗ. ಅಂದರೆ ನಿಮ್ಮೂರಿನ ಎಷ್ಟೋ ಜನ ಅರ್ಧ ಆಯುಸ್ಸು ‘ಲೆಕ್ಕಕ್ಕಿಲ್ಲದವರು’ ಆಗಿ ಕಳೆದಿದ್ದಾರೆ. ಅವರು ಸಿಗುವುದು ಪಟ್ಟಿಯಲ್ಲಲ್ಲ, ಆಶಾ ಕಾರ್ಯಕರ್ತೆಯ ನೆನಪಿನಲ್ಲಿ, ಸೊಸೈಟಿ ಜಗಲಿಯಲ್ಲಿ, ಸಂತೆಯಲ್ಲಿ, ಟೈಲರ್ ಅಂಗಡಿಯಲ್ಲಿ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಒಮ್ಮೆ ಹೋಗಿ ನೋಡಿ. ಮೆಟ್ಟುಗತ್ತಿ ಮುಂದೆ ಕೂತವರಲ್ಲಿ ಎಲ್ಲರಿಗಿಂತ ಬಿರುಸಾಗಿ ಕೈ ಆಡಿಸುವವರು ಎದ್ದು ನಡೆಯಲಾರದವರು ಆಗಿರುವುದನ್ನು ನಾನು ಎರಡು ಕಡೆ ಕಂಡಿದ್ದೇನೆ.

ಪೋಲಿಯೊ ಆದವರನ್ನು ಮುಂದೂಡಬೇಡಿ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ, ಭಾರತ ಪೋಲಿಯೊಮುಕ್ತ ಅಂತ ಘೋಷಣೆಯಾದದ್ದು 2014ರ ಮಾರ್ಚ್‌ನಲ್ಲಿ. ಆ ಕಾಯಿಲೆಯ ಜೊತೆ ಬೆಳೆದ ಕೊನೆಯ ತಲೆಮಾರಿಗೆ ಈಗ ವಯಸ್ಸಾಗುತ್ತಿದೆ.

ಮೈಕ್ ಇಲ್ಲದೆ ಒಮ್ಮೆ ಹೋಗಿಬನ್ನಿ

ಮೊದಲ ಭೇಟಿಯಲ್ಲಿ ಏನನ್ನೂ ರೆಕಾರ್ಡ್ ಮಾಡಬೇಡಿ. ಎಲೆ ಅಡಿಕೆ ಹಾಕಿ, ಕಾಫಿ ಕುಡಿದು, ಬಂದ ಕಾರಣ ಹೇಳಿ ಬನ್ನಿ. ಆ ಹೊತ್ತಿನಲ್ಲಿ ನಾಲ್ಕು ಸಂಗತಿ ಗಮನಿಸಿಕೊಳ್ಳಿ: ಅವರು ಎಷ್ಟು ಹೊತ್ತು ಕೂರಬಲ್ಲರು, ಯಾವ ಹೊತ್ತಿನಲ್ಲಿ ನೋವು ಕಡಿಮೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಕೋಣೆ ನಿಶ್ಶಬ್ದ. ಅವರನ್ನು ಹೇಗೆ ಕರೆಯಬೇಕು ಅನ್ನುವುದನ್ನೂ ಅವತ್ತೇ ಕೇಳಿಬಿಡಿ. ಕಾಗದದಲ್ಲಿ ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಅಂತೆಲ್ಲ ಇದೆ. ‘ಆ ಪದ ಎಲ್ಲ ನಿಮ್ಗೆ, ನಂಗೆ ಕಾಲು ಇಲ್ಲ, ಅಷ್ಟೆ’ ಅಂದವರಿದ್ದಾರೆ. ಹೆಸರಿನ ಹಿಂದೆ ಊರವರು ಅಂಟಿಸಿದ ಕುಂಟ, ಕಿವುಡಿ ಅನ್ನುವ ಪದಗಳನ್ನು ಅವರು ತಾವಾಗಿ ಹೇಳಿದರೆ ಹಾಗೇ ಇರಲಿ, ತಿದ್ದಬೇಡಿ. ನೀವು ಮಾತ್ರ ಬಳಸಬೇಡಿ.

ಸಾಗರ ತಾಲ್ಲೂಕಿನ ಹಂದಿಗೋಡು ಕಡೆ ಹೋಗುವವರಿಗೆ ಇಲ್ಲಿ ಒಂದು ಮಾತು ಹೆಚ್ಚಿಗೆ ಹೇಳಬೇಕು. ಸೊಂಟ ಮತ್ತು ಮಂಡಿಯ ಕೀಲು ಸವೆಸುವ, ಕೆಲವರಲ್ಲಿ ಬೆಳವಣಿಗೆಯನ್ನೇ ತಡೆಯುವ ಹಂದಿಗೋಡು ಕಾಯಿಲೆ ಹೊರಗಿನವರ ಕಣ್ಣಿಗೆ ಬಿದ್ದದ್ದು 1970ರ ದಶಕದ ಮಧ್ಯದಲ್ಲಿ. ಹೆಚ್ಚಾಗಿ ಕಾಣಿಸಿಕೊಂಡದ್ದು ಚನ್ನಂಗಿ, ಚಲವಾದಿ ಸಮುದಾಯದ ಕೂಲಿ ಕುಟುಂಬಗಳಲ್ಲಿ. ಗದ್ದೆಗೆ ಹೊಡೆದ ಕೀಟನಾಶಕ ಏಡಿಗೆ ಸೇರಿ, ಏಡಿ ತಿಂದವರಿಗೆ ಹೀಗಾಯಿತು ಅನ್ನುವ ಶಂಕೆ ಮೊದಲು ಹಬ್ಬಿತು. ಇದು ವಂಶವಾಹಿಯಲ್ಲಿ ಬರುವುದು ಅಂತ ಸಂಶೋಧಕರು ತೋರಿಸಿದ್ದು ಆಮೇಲೆ. ಅಲ್ಲಿಂದ ಇಲ್ಲಿವರೆಗೆ ಎಷ್ಟು ತಂಡಗಳು ಬಂದು ಹೋದವೋ! ಆ ಕಡೆಯ ಒಬ್ಬ ಹೆಂಗಸು ನನ್ನನ್ನು ಕೇಳಿದ್ದು ಹೀಗೆ: ‘ರಕ್ತ ತಗಂಡ್ ಹೋದ್ರು, ಎಕ್ಸರೇ ತಗಂಡ್ ಹೋದ್ರು, ಫೋಟೊ ತಗಂಡ್ ಹೋದ್ರು. ನೀವು ಎಂತ ತಗಂಡ್ ಹೋಗಾಕೆ ಬಂದೀರಿ?’

ನನ್ನ ಬಳಿ ಉತ್ತರ ಇರಲಿಲ್ಲ. ‘ನೀವು ಕೊಟ್ಟದ್ದನ್ನ ಒಂದು ಪ್ರತಿ ನಿಮಗೇ ತಂದು ಕೊಡ್ತೀನಿ’ ಅಂದೆ. ಅವತ್ತು ಅವರು ಒಪ್ಪಲಿಲ್ಲ. ವರ್ಷದ ಮೇಲೆ ಒಪ್ಪಿದರು. ಒಪ್ಪದೆಯೂ ಇರಬಹುದಿತ್ತು, ಅದೂ ಸರಿಯೇ.

ಒಪ್ಪಿಗೆ ಅಂದರೆ ಸಹಿ ಅಷ್ಟೇ ಅಲ್ಲ

ಇಂಗ್ಲಿಷಿನಿಂದ ಎತ್ತಿದ ಎರಡು ಪುಟದ ಒಪ್ಪಿಗೆ ಪತ್ರ ಯಾರಿಗೂ ಅರ್ಥವಾಗುವುದಿಲ್ಲ. ಅರ್ಧ ಪುಟದಲ್ಲಿ ಆಡುಮಾತಿನಲ್ಲಿ ಬರೆದುಕೊಳ್ಳಿ, ಜೋರಾಗಿ ಓದಿ ಹೇಳಿ, ಅವರು ತಮ್ಮ ಮಾತಲ್ಲಿ ಅದನ್ನು ತಿರುಗಿ ಹೇಳುವುದನ್ನು ರೆಕಾರ್ಡ್ ಮಾಡಿ. ಕಣ್ಣು ಕಾಣದವರಿಗೆ, ಹೆಬ್ಬೆಟ್ಟು ಒತ್ತುವವರಿಗೆ ಈ ದನಿ ಒಪ್ಪಿಗೆಯೇ ಹೆಚ್ಚು ಗಟ್ಟಿ. ಮನೆಯವರ ಸಹಿ ಅವರ ಸಹಿಗೆ ಬದಲಿಯಾಗದು. ಅಂಗವಿಕಲರಿಗೂ ಎಲ್ಲರಂತೆ ಕಾನೂನುಬದ್ಧ ಸಾಮರ್ಥ್ಯ ಇದೆ ಅಂತ 2016ರ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಬುದ್ಧಿಮಾಂದ್ಯ ಇರುವವರಿಗೂ ಚಿತ್ರ ತೋರಿಸಿ, ಹಿಂದಿನ ಒಂದು ರೆಕಾರ್ಡಿಂಗ್ ಕೇಳಿಸಿ, ‘ಹೀಗೆ ಬೇರೆಯವರೂ ಕೇಳಬಹುದು, ಆಗಬಹುದಾ?’ ಅಂತ ಅವರನ್ನೇ ಕೇಳಿ. ಮನೆಯವರ ಒಪ್ಪಿಗೆ ಅದರ ಜೊತೆಗೆ ಇರಲಿ.

ಯಾರು ಕೇಳಬಹುದು ಅನ್ನುವುದಕ್ಕೆ ಮೆಟ್ಟಿಲು ಇಡಿ: ಮನೆಯವರಷ್ಟೇ, ಊರಿನ ಶಾಲೆ ಮತ್ತು ಗ್ರಂಥಾಲಯ, ಇಂಟರ್‌ನೆಟ್ಟಿನಲ್ಲಿ ಎಲ್ಲರೂ, ಅಥವಾ ‘ನಾನು ಸತ್ತ ಮೇಲೆ’. ಕೊನೆಯದನ್ನು ಆರಿಸುವವರು ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಜನ. ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು ಅಂತಲೂ ಹೇಳಿ. ಆದರೆ ಒಮ್ಮೆ ಇಂಟರ್‌ನೆಟ್ಟಿಗೆ ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ ಅನ್ನುವುದನ್ನು ಮುಚ್ಚಿಡಬೇಡಿ.

‘ಹೆಸರು ಹಾಕುವುದಿಲ್ಲ’ ಅಂತ ಸಲೀಸಾಗಿ ಮಾತು ಕೊಡುತ್ತೇವೆ. ಮಲೆನಾಡಿನಲ್ಲಿ ಆ ಮಾತಿಗೆ ಹೆಚ್ಚು ಬೆಲೆಯಿಲ್ಲ. ‘ಹೊಸನಗರ ತಾಲ್ಲೂಕಿನ, ಒಂದು ಕಾಲಿಲ್ಲದ ಟೈಲರ್’ ಅಂದರೆ ಸಾಕು, ಬಸ್ಸಿನಲ್ಲಿ ಕೂತ ಅರ್ಧ ಜನಕ್ಕೆ ಮನೆ ಗೊತ್ತು. ಹಂದಿಗೋಡಿನಂಥ ಆನುವಂಶಿಕ ಕಾಯಿಲೆಯಲ್ಲಿ ಇದು ಇನ್ನೂ ಸೂಕ್ಷ್ಮ. ಒಬ್ಬರು ಬಾಯಿಬಿಟ್ಟರೆ ಅವರ ಅಣ್ಣನ ಮಗಳ ಮದುವೆ ಮಾತುಕತೆ ಮುರಿದು ಬೀಳಬಹುದು. ಹೇಳುವವರ ಒಪ್ಪಿಗೆ ಇದ್ದರೂ ದಾಯಾದಿಗಳ ಹೆಸರು, ಸಂಬಂಧ ಬರುವ ಭಾಗಗಳನ್ನು ಬೇರೆ ತೆಗೆದಿಡಿ. ಮರೆಮಾಡಲು ಆಗದಿದ್ದರೆ, ಆಗುವುದಿಲ್ಲ ಅಂತ ಮುಂಚೆಯೇ ಹೇಳಿ.

ಇನ್ನೊಂದು: ‘ಏನು ಹೇಳಿದರೂ ಗುಟ್ಟಾಗಿಡ್ತೀನಿ’ ಅಂತ ಮಾತು ಕೊಡಬೇಡಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ರೆಕಾರ್ಡರ್ ಒತ್ತುವ ಮುಂಚೆಯೇ ಇದನ್ನು ಸ್ಪಷ್ಟ ಮಾಡಿ.

ಯಂತ್ರ ಮತ್ತು ಮಳೆ

ದುಬಾರಿ ರೆಕಾರ್ಡರ್ ಇಲ್ಲ ಅಂತ ಕೈಕಟ್ಟಿ ಕೂರಬೇಡಿ. ಈಗಿನ ಯಾವುದೇ ಸ್ಮಾರ್ಟ್‌ಫೋನು, ಅದಕ್ಕೊಂದು ವೈರಿನ ಕಾಲರ್ ಮೈಕ್ ಸಾಕು. ಮೈಕ್ ಬಾಯಿಯಿಂದ ಒಂದು ಗೇಣು ಕೆಳಗೆ ಇರಲಿ. ಎಂಪಿ3 ಬದಲು ವೇವ್ ಫೈಲ್ ಆಗಿ ಉಳಿಸುವ ಆ್ಯಪ್ ಹಾಕಿಕೊಳ್ಳಿ. 44.1 ಕಿಲೊಹರ್ಟ್ಸ್, 16 ಬಿಟ್, ಮೋನೊದಲ್ಲಿ ಒಂದು ಗಂಟೆಗೆ ಸುಮಾರು 320 ಎಂಬಿ ಹಿಡಿಯುತ್ತದೆ. 48 ಕಿಲೊಹರ್ಟ್ಸ್, 24 ಬಿಟ್ ಸ್ಟೀರಿಯೊ ಆದರೆ ಒಂದು ಜಿಬಿ ದಾಟುತ್ತದೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕುವುದನ್ನು ಮರೆಯಬೇಡಿ. ಹದಿನಾಲ್ಕನೇ ನಿಮಿಷಕ್ಕೆ ಯಾರದೋ ಕರೆ ಬಂದು ರೆಕಾರ್ಡಿಂಗ್ ನಿಂತು, ಅದು ಗೊತ್ತಾಗದೆ ನಾನು ಮತ್ತೊಂದು ಗಂಟೆ ತಲೆಯಾಡಿಸುತ್ತ ಕೂತದ್ದುಂಟು. ಆ ಗಂಟೆ ಮತ್ತೆ ಸಿಗಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯಲ್ಲಿ ರೆಕಾರ್ಡಿಂಗ್ ಅನ್ನುವ ಆಸೆ ಬಿಡಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಹೇಳುವವರ ದನಿ ನಿಮ್ಮ ಕಿವಿಗೇ ಮುಟ್ಟುವುದಿಲ್ಲ, ಇನ್ನು ಮೈಕಿಗೆ? ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಒಳಕೋಣೆ ಹುಡುಕಿ, ಎದುರು ಗೋಡೆಗೆ ಒಂದು ಕಂಬಳಿ ತೂಗುಹಾಕಿ. ಕೊನೆ ಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ. ಆದರೆ ಮೊದಲೇ ಹೇಳಿದೆನಲ್ಲ, ಸುಲಿಯುವ ರಾತ್ರಿಗಳ ಮಾತೇ ಬೇರೆ. ಮಳೆ ಹಿಂದೆ ಸರಿದ ಮೇಲೆ, ಕೊಯ್ಲಿಗೆ ಮುಂಚೆ ಸಿಗುವ ಕೆಲವು ವಾರ, ಮತ್ತೆ ಬೇಸಿಗೆಯ ಬೆಳಗಿನ ಹೊತ್ತು ಒಳ್ಳೆಯದು. ಬೇಸಿಗೆಯ ಸಂಜೆ ಬೇಡ, ಜೀರುಂಡೆ ಬಿಡುವುದಿಲ್ಲ. ಗೋಡೆ ಗಡಿಯಾರ, ಫ್ರಿಜ್ಜು, ಟಿ.ವಿ. ಧಾರಾವಾಹಿ ಈ ಮೂರನ್ನೂ ಅನುಮತಿ ಕೇಳಿ ನಿಲ್ಲಿಸಿ, ಹೊರಡುವಾಗ ಫ್ರಿಜ್ಜು ಮತ್ತೆ ಹಾಕಿ. ಕರೆಂಟು ಇರುತ್ತದೆ ಅಂತ ನಂಬಬೇಡಿ, ನೆಟ್‌ವರ್ಕ್ ಸಿಗುತ್ತದೆ ಅಂತಲೂ ನಂಬಬೇಡಿ.

ಶುರುವಿಗೆ ತಾರೀಕು, ಊರು, ಹೇಳುವವರ ಹೆಸರು, ಕೇಳುವವರ ಹೆಸರು, ಕೋಣೆಯಲ್ಲಿ ಯಾರ್‍ಯಾರಿದ್ದಾರೆ ಅಂತ ಬಾಯಲ್ಲಿ ಹೇಳಿ. ಕಣ್ಣು ಕಾಣದವರ ಎದುರು ಕೂತಾಗ ಈ ಕೊನೆಯದು ಮರ್ಯಾದೆಯ ವಿಷಯ. ಸದ್ದಿಲ್ಲದೆ ಬಂದು ನಿಂತ ಪಕ್ಕದ ಮನೆಯವರು ಅಲ್ಲಿದ್ದಾರೆ ಅಂತ ಅವರಿಗೆ ಗೊತ್ತಿರಬೇಕು. ಫೋನು, ಮೈಕು ಎರಡನ್ನೂ ಅವರ ಕೈಗೆ ಕೊಟ್ಟು ಮುಟ್ಟಿ ನೋಡಲು ಬಿಡಿ.

ಏನು ಕೇಳುವುದು

‘ನಿಮಗೆ ಹೀಗೆ ಯಾವಾಗ ಆಯಿತು?’ ಅನ್ನುವುದು ಮೊದಲ ಪ್ರಶ್ನೆ ಆಗಬಾರದು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಪಂಚಾಯ್ತಿಯಲ್ಲಿ ಎಲ್ಲರೂ ಕೇಳುವುದು ಅದನ್ನೇ. ಅದಕ್ಕೆ ಅವರ ಬಳಿ ಸವೆದುಹೋದ ಒಂದು ಉತ್ತರ ತಯಾರಾಗಿರುತ್ತದೆ. ಮನೆ, ಗದ್ದೆ, ಆಟ, ಊಟದಿಂದ ಶುರು ಮಾಡಿ. ಕಾಯಿಲೆ ತಾನಾಗಿ ಬರುವ ಹೊತ್ತಿಗೆ ಬರುತ್ತದೆ.

ಮಲೆನಾಡಿನಲ್ಲಿ ನನಗೆ ಫಲ ಕೊಟ್ಟ ಒಂದು ಪ್ರಶ್ನೆ: ‘ನಿಮ್ಮನ್ನು ಯಾರು ಹೊರುತ್ತಿದ್ದರು?’ ಇಲ್ಲಿ ಮನೆಗೂ ರಸ್ತೆಗೂ ನಡುವೆ ಹಳ್ಳ, ಹಳ್ಳದ ಮೇಲೆ ಎರಡು ಅಡಿಕೆ ದಿಮ್ಮಿಯ ಸಂಕ. ಗಾಲಿಕುರ್ಚಿ ದಾಟುವ ಮಾತೇ ಇಲ್ಲ. ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟ ಅಣ್ಣ, ಕಂಬಳಿ ಜೋಲಿಯಲ್ಲಿ ಹೊತ್ತ ಆಳುಗಳು, ಸಂಕದ ನಡುವೆ ‘ಕೆಳಗೆ ನೋಡ್ಬೇಡ’ ಅಂದ ಅಬ್ಬೆ, ಯಾವ ಮಳೆಗಾಲದಲ್ಲಿ ಹೊರುವುದು ನಿಂತು ಶಾಲೆಯೂ ನಿಂತಿತು, ಎಲ್ಲ ಆ ಒಂದು ಪ್ರಶ್ನೆಯ ಹಿಂದೆ ಸಾಲುಗಟ್ಟಿ ಬರುತ್ತವೆ. ಶರಾವತಿ ಹಿನ್ನೀರಿನ ಆಚೆಯವರನ್ನು ಕೇಳುವುದಾದರೆ ಲಾಂಚಿನ ಬಗ್ಗೆ ಕೇಳಿ. 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗುವವರೆಗೆ ಆಸ್ಪತ್ರೆಗೆ ಹೋಗುವುದೆಂದರೆ ಲಾಂಚಿಗೆ ಕಾಯುವುದು ಅಂತಲೇ ಅರ್ಥ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಘಟನೆ ಕೇಳಿ. ಕಾಗೋಡು ಸತ್ಯಾಗ್ರಹ (1951), ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡ ವರ್ಷ (1957), ಲಿಂಗನಮಕ್ಕಿ ಮುಳುಗಡೆ (ಅಣೆಕಟ್ಟು ಮುಗಿದದ್ದು 1964), ಗೇಣಿದಾರರು ಡಿಕ್ಲರೇಶನ್ ಕೊಟ್ಟ ಕಾಲ (1974ರ ಭೂಸುಧಾರಣೆ ತಿದ್ದುಪಡಿಯ ನಂತರ), ಇಂದಿರಾಗಾಂಧಿ ಚಿಕ್ಕಮಗಳೂರಲ್ಲಿ ನಿಂತದ್ದು (1978), ಬಂಗಾರಪ್ಪ ಮುಖ್ಯಮಂತ್ರಿ ಆದದ್ದು (1990). ‘ಅದಕ್ಕೆ ಮುಂಚೆಯೋ ಆಮೇಲೋ?’ ಅಂದರೆ ಸಾಕು, ವರ್ಷ ತಾನಾಗಿ ಹತ್ತಿರ ಬರುತ್ತದೆ.

ಇನ್ನು ಕೆಲವು: ಮೊದಲ ಸಂಬಳ ಅಥವಾ ಕೂಲಿ ಕೈಗೆ ಬಂದ ದಿನ. ಜಾತ್ರೆ, ಯಕ್ಷಗಾನಕ್ಕೆ ಹೋದದ್ದು, ಹೋಗಲಾಗದ್ದು. ಮದುವೆ ಮಾತು ಬಂದದ್ದು ಅಥವಾ ಬಾರದ್ದು. ಸರ್ಟಿಫಿಕೇಟ್ ಮಾಡಿಸಲು ಹೋದ ದಿನ. ಈ ಕೊನೆಯದನ್ನು ಬಿಡಬೇಡಿ. ಸವಲತ್ತು ಸಿಗಲು ಶೇಕಡ 40 ಇರಬೇಕು. ಡಾಕ್ಟರು ತನ್ನನ್ನು ಎಷ್ಟು ಪರ್ಸೆಂಟ್ ಅಂತ ಬರೆಯುತ್ತಾರೋ ಅಂತ ಬೆಂಚಿನ ಮೇಲೆ ಕಾದ ಬೆಳಗನ್ನು ಯಾರೂ ಮರೆತಿರುವುದಿಲ್ಲ. ಕಣ್ಣು ಕಾಣದವರಾದರೆ ಸಂಗೀತ ಕಲಿಯಲು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುವ ಮಾತು ಮನೆಯಲ್ಲಿ ಬಂದಿತ್ತಾ ಅಂತ ಕೇಳಿ. ಹೋಗದೆ ಉಳಿದವರ ಬಳಿಯೂ ಒಂದು ಕತೆ ಇರುತ್ತದೆ.

ಪಕ್ಕದವರನ್ನು ಏನು ಮಾಡುವುದು

ಮೊದಲಿಗೆ ಹೇಳಿದ ಮಗನ ಕಡೆಗೆ ವಾಪಸ್ ಬರೋಣ. ಅವರನ್ನು ‘ನೀವು ಸುಮ್ಮನಿರಿ’ ಅನ್ನಲಾಗದು. ಹಗಲು ರಾತ್ರಿ ನೋಡಿಕೊಂಡವರು ಅವರು, ಅವರಿಗೂ ಹೇಳುವುದು ಇದೆ. ನಾನು ಎರಡನೇ ಸಲ ಹೋದಾಗ ಮೊದಲು ಮಗನನ್ನೇ ತೋಟಕ್ಕೆ ಕರೆದುಕೊಂಡು ಹೋಗಿ, ಬೇರೆ ಫೈಲಿನಲ್ಲಿ, ಅವರ ಹೆಸರಿನಲ್ಲೇ ಒಂದು ಗಂಟೆ ರೆಕಾರ್ಡ್ ಮಾಡಿದೆ. ತಮ್ಮದು ಆಯಿತು ಅನ್ನುವ ಸಮಾಧಾನ ಅವರಿಗೆ ಬಂತು. ಜಗಲಿಗೆ ಬಂದ ಮೇಲೆ ನನ್ನ ಜೊತೆ ಬಂದ ಹುಡುಗ, ‘ದೋಟಿ ತೋರಿಸ್ತೀರಾ ಅಣ್ಣಾ’ ಅಂತ ಅವರನ್ನು ಕೊಟ್ಟಿಗೆ ಕಡೆ ಎಬ್ಬಿಸಿಕೊಂಡು ಹೋದ. ಇಂಥ ಒಬ್ಬ ಜೊತೆಗಾರ ನಿಮಗೂ ಇರಲಿ.

ಆಗ ಅಪ್ಪಯ್ಯನಿಗೆ ಮೊದಲ ಪ್ರಶ್ನೆ ಹಾಕಲಿಲ್ಲ. ಒಂದು ತುಂಡು ಹಗ್ಗ ಕೊಟ್ಟು, ‘ಕಾಲಿಗೆ ಹಾಕುವ ತಳೆ ಹೇಗೆ ಕಟ್ಟುತ್ತಿದ್ದಿರಿ?’ ಅಂದೆ. ಬೆರಳು ಗಂಟು ಹಾಕುತ್ತ ಹೋಯಿತು, ಬಾಯಿ ಹಿಂದೆಯೇ ಬಂತು. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಜೀಕುವಾಗ ಮರ ಬಾಗಿ ಕೊಡುವ ಕಿರ್ ಅನ್ನುವ ಸದ್ದು, ಕೊಳೆ ಔಷಧಿ ಹೊಡೆಯುವಾಗ ಜಾರುವ ಮೈ, ತಾನು ಬಿದ್ದ ಮರ ಯಾವ ಸಾಲಿನ ಎಷ್ಟನೆಯದು. ‘ಆ ಮರ ಇನ್ನೂ ಇದೆ. ಕಡೀಬೇಡಿ ಅಂದಿದ್ದೀನಿ’ ಅಂದರು. ನೆನಪಿಲ್ಲ ಅಂತ ಮಗ ಹೇಳಿದ್ದ ಮನುಷ್ಯ! ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು.

ವಸ್ತು ಕೈಗೆ ಕೊಡುವುದು, ಜಾಗಕ್ಕೆ ಕರೆದೊಯ್ಯುವುದು, ಪಕ್ಕದವರಿಗೂ ಅವರದೇ ಸರದಿ ಕೊಡುವುದು. ಹೆಂಗಸರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು: ಅತ್ತೆಯೋ ಅತ್ತಿಗೆಯೋ ಒಳಮನೆಯಲ್ಲಿ ಕಿವಿಗೊಟ್ಟಿರುತ್ತಾರೆ. ಕೇಳುವವಳೂ ಹೆಂಗಸೇ ಆಗಿರಲಿ, ಆಕೆಯೂ ಅಂಗವಿಕಲೆಯೇ ಆಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಣ್ಣು ಕಾಣದ ಯುವಕರು ನಮ್ಮೆಲ್ಲರಿಗಿಂತ ಚೆನ್ನಾಗಿ ರೆಕಾರ್ಡಿಂಗ್ ಮಾಡುತ್ತಾರೆ, ದೂರದ ಮಿಕ್ಸಿ ಸದ್ದು ಮೊದಲು ಗೊತ್ತಾಗುವುದು ಅವರಿಗೇ.

ಕೈಯಲ್ಲಿ ಮಾತಾಡುವವರು

ಕಿವಿ ಕೇಳಿಸದವರಿಗೆ ಆಡಿಯೊ ಸಾಲದು, ವಿಡಿಯೊ ಬೇಕು. ಸೊಂಟದಿಂದ ತಲೆಯ ಮೇಲೊಂದು ಗೇಣಿನವರೆಗೆ, ಕೈ ಚಾಚಿದರೂ ಚೌಕಟ್ಟಿನೊಳಗೇ ಇರುವಂತೆ ಹಿಡಿಯಿರಿ. ಬಾಗಿಲಿಗೆ ಬೆನ್ನು ಹಾಕಿ ಕೂರಿಸಿದರೆ ಮುಖ ಕಪ್ಪಾಗುತ್ತದೆ, ಬೆಳಕು ಎದುರಿನಿಂದ ಬರಲಿ. ಸನ್ನೆಯ ಅರ್ಥ ಹೇಳುವವರು ಕ್ಯಾಮೆರಾ ಪಕ್ಕದಲ್ಲೇ ಕೂರಬೇಕು. ಸಾಧ್ಯವಾದರೆ ಇನ್ನೊಂದು ಫೋನು ಅವರ ಮೇಲೂ ಇರಲಿ.

ಪೇಟೆಯಲ್ಲಿ ಶಾಲೆಗೆ ಹೋದವರು ಭಾರತೀಯ ಸಂಜ್ಞಾ ಭಾಷೆ ಬಲ್ಲವರು, ಅವರಿಗೆ ತರಬೇತಾದ ಅನುವಾದಕರು ಬೇಕು. ಹಳ್ಳಿಯಲ್ಲೇ ಉಳಿದ ಹಿರಿಯರದು ಮನೆಯೊಳಗೇ ಹುಟ್ಟಿದ ಸನ್ನೆ. ಹೊಸನಗರ ಕಡೆಯ ಒಬ್ಬರು ಅತ್ತೆಗೆ ಮೂಗಿನ ಎರಡೂ ಕಡೆ ಬೆರಳಿಡುತ್ತಿದ್ದರು, ಮಳೆಗಾಲಕ್ಕೆ ತಲೆ ಮೇಲೆ ಕೊಪ್ಪೆ ಎಳೆದುಕೊಳ್ಳುತ್ತಿದ್ದರು. ಅರ್ಥ ಹೇಳುತ್ತಿದ್ದವರು ಅವರ ಅಕ್ಕ. ‘ಚಿಕ್ಕಂದಿನಲ್ಲಿ ಹೇಗಿದ್ದಿರಿ?’ ಅಂತ ಕೇಳಿದ್ದಕ್ಕೆ ಆ ತಾಯಿ ಎರಡು ನಿಮಿಷ ಬಿಡದೆ ಕೈ ಆಡಿಸಿದರು. ಅಕ್ಕ ನನ್ನ ಕಡೆ ತಿರುಗಿ, ‘ಚೆನ್ನಾಗಿದ್ದೆ ಅಂತಾಳೆ’ ಅಂದರು.

ಎರಡು ನಿಮಿಷಕ್ಕೆ ಎರಡು ಪದ! ಅವತ್ತು ನಾನು ಏನೂ ಅನ್ನಲಿಲ್ಲ. ಕೆಲವು ದಿನ ಬಿಟ್ಟು, ಆ ತಾಯಿಯ ಒಪ್ಪಿಗೆ ಪಡೆದು, ಅದೇ ವಿಡಿಯೊವನ್ನು ಅವರ ತಂಗಿಯ ಮಗಳ ಎದುರು ಹಾಕಿದೆ. ತಮ್ಮನಿಗೆ ಸ್ಲೇಟು ತಂದರು, ನನಗೆ ತರಲಿಲ್ಲ. ನಾನು ಇದ್ದಿಲಿನಲ್ಲಿ ಗೋಡೆ ಮೇಲೆ ಅವನ ಹಾಗೇ ಗೀಚಿದೆ. ಅಕ್ಕ ಹೊಡೆದಳು. ಇಷ್ಟು ಇತ್ತು ಅದರಲ್ಲಿ. ಹೊಡೆದ ಅಕ್ಕನೇ ಅದನ್ನು ನನಗೆ ಹೇಳಬೇಕಿತ್ತು ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಸನ್ನೆ ರೆಕಾರ್ಡಿಂಗನ್ನು ಕಡಿಮೆಯೆಂದರೆ ಇಬ್ಬರಿಂದ ಬೇರೆ ಬೇರೆಯಾಗಿ ಅರ್ಥ ಮಾಡಿಸಿ, ಎರಡನ್ನೂ ಉಳಿಸಿ, ಕೊನೆಗೆ ಹೇಳಿದವರಿಂದಲೇ ಹೌದೋ ಅಲ್ಲವೋ ಕೇಳಿ.

ಮಾತು ತಡವರಿಸುವವರು, ತಡವಾಗಿ ಬರುವವರು

ಸೆರೆಬ್ರಲ್ ಪಾಲ್ಸಿ, ಪಾರ್ಶ್ವವಾಯು ಆದವರ ಮಾತು ಮೊದಲ ಅರ್ಧ ಗಂಟೆ ತಿಳಿಯುವುದಿಲ್ಲ, ಆಮೇಲೆ ಕಿವಿ ಹೊಂದಿಕೊಳ್ಳುತ್ತದೆ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ತಿಳಿಯದಿದ್ದರೂ ತಿಳಿದವರ ಹಾಗೆ ತಲೆಯಾಡಿಸಬೇಡಿ, ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ‘ನಂಗೆ ಕೇಳಿಸಿದ್ದು ಹೀಗೆ, ಸರಿನಾ?’ ಅಂತ ತಿರುಗಿ ಹೇಳಿ. ಈ ತಿರುಗಿ ಹೇಳುವುದು ರೆಕಾರ್ಡಿಂಗಿನಲ್ಲೇ ಇದ್ದರೆ ಮುಂದೆ ಕೇಳುವವರಿಗೂ ದಾರಿ.

ಬುದ್ಧಿಮಾಂದ್ಯ ಇರುವವರಿಗೆ ಹೌದು-ಅಲ್ಲ ಪ್ರಶ್ನೆ ಹಾಕಿದರೆ ಎಲ್ಲದಕ್ಕೂ ಹೌದು ಅನ್ನುತ್ತಾರೆ, ನಿಮ್ಮನ್ನು ಖುಷಿಪಡಿಸಲು. ಹಳೆಯ ಫೋಟೊ, ಶಾಲೆ ಚೀಲ, ದನದ ಗಂಟೆ ಹಿಡಿದು ಜೊತೆಗೆ ನಡೆದಾಡಿ. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಇನ್ನೊಂದು ದಿನ ಬನ್ನಿ.

ಅಳು ಬಂದರೆ ‘ನಿಲ್ಲಿಸಲಾ?’ ಅಂತ ಕೇಳಿ. ಹಲವರು ‘ಬೇಡ, ಇರ್ಲಿ’ ಅನ್ನುತ್ತಾರೆ. ಅವತ್ತೇ ಕಟ್ಟಿಕೊಂಡು ಎದ್ದು ಹೋಗಬೇಡಿ, ಊಟಕ್ಕೆ ಕರೆದರೆ ಕೂರಿ. ಮಾರನೇ ದಿನ ಫೋನು ಮಾಡಿ. ಕೂಲಿ ಬಿಟ್ಟು ಕೂತವರಿಗೆ ಆ ದಿನದ ಕೂಲಿ ಕೊಡಿ, ಅದಕ್ಕೆ ನಾಚಿಕೊಳ್ಳುವುದೇನೂ ಇಲ್ಲ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ಎರಡು ಪ್ರತಿ ಮಾಡಿ. ಮೂರನೆಯದು ಬೇರೆ ಊರಿನಲ್ಲಿ ಇರಲಿ. ಹಾರ್ಡ್ ಡಿಸ್ಕಿಗೆ ಮಲೆನಾಡಿನ ಮಳೆಗಾಲದ ತೇವ ಶತ್ರು: ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಗುಡುಗು ಶುರುವಾದರೆ ಲ್ಯಾಪ್‌ಟಾಪಿನ ವೈರು ಗೋಡೆಯಿಂದ ಕಿತ್ತುಬಿಡಿ. ಫೈಲಿನ ಹೆಸರು ‘2025-11-08_ಹೊಸನಗರ_01’ ಅನ್ನುವ ಹಾಗೆ ತಾರೀಕಿನಿಂದ ಶುರುವಾಗಲಿ, ಅದರಲ್ಲಿ ಮನುಷ್ಯರ ಹೆಸರು ಬೇಡ.

ಪೂರ್ತಿ ಬರೆದಿಳಿಸುವುದು ದೊಡ್ಡ ಕೆಲಸ. ಒಂದು ಗಂಟೆಯ ಮಾತಿಗೆ ನನಗೆ ಏಳೆಂಟು ಗಂಟೆ ಹಿಡಿಯುತ್ತದೆ. ಹಾಗಾಗಿ ಮೊದಲು ನಿಮಿಷವಾರು ಪಟ್ಟಿ ಮಾಡಿ: ‘12ನೇ ನಿಮಿಷ, ಸಂಕದಿಂದ ಬಿದ್ದದ್ದು, 19, ಮೊದಲ ಮೂರು ಚಕ್ರದ ಸೈಕಲ್ಲು’. ಈ ಪಟ್ಟಿ ಇದ್ದರೆ ಅರ್ಧ ಉಪಯೋಗ ಬಂದಂತೆ. ದನಿಯನ್ನು ಅಕ್ಷರ ಮಾಡುವ ಆ್ಯಪ್‌ಗಳು ಮಲೆನಾಡಿನ ಮಾತಿಗೂ ತೊದಲುವ ಮಾತಿಗೂ ಎಡವುತ್ತವೆ, ತಿದ್ದುವುದಕ್ಕಿಂತ ಬರೆಯುವುದೇ ಬೇಗ. ಬರೆಯುವಾಗ ‘ತಗಂಡ್ ಹೋದ್ರು’ ಅನ್ನುವುದನ್ನು ‘ತೆಗೆದುಕೊಂಡು ಹೋದರು’ ಮಾಡಬೇಡಿ. ಮೌನ, ನಗು, ಉಸಿರು ಎಳೆದದ್ದನ್ನೂ ಕಂಸದಲ್ಲಿ ಗುರುತಿಸಿ.

ತಿರುಗಿ ಕೊಡುವುದು

ಪ್ರತಿ ಕೊಡುವಾಗ ಲಿಂಕ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಹೆಚ್ಚಿನ ಮನೆಯಲ್ಲಿ ಪೆನ್‌ಡ್ರೈವ್ ಹಾಕುವ ಪುಟ್ಟ ರೇಡಿಯೊ ಇರುತ್ತದೆ, ಅದಕ್ಕೆ ಎಂಪಿ3 ಮಾಡಿ ಕೊಡಿ. ಕಿವಿ ಕೇಳಿಸದವರಿಗೆ ವಿಡಿಯೊ ಅವರ ಫೋನಿಗೇ ಹಾಕಿಕೊಡಿ. ಜೊತೆಗೆ ಕೂತು ಪೂರ್ತಿ ಕೇಳಿ, ನೋಡಿ. ತೆಗೆಯಬೇಕಾದ್ದು, ತಿದ್ದಬೇಕಾದ್ದು ಗೊತ್ತಾಗುವುದು ಆಗಲೇ.

ಕೊನೆಗೌಡರ ಮನೆಗೆ ಪೆನ್‌ಡ್ರೈವ್ ಒಯ್ದದ್ದು ಒಂದು ಭಾನುವಾರ. ಮೊದಲ ದಿನದ ಆ ನಲವತ್ತು ನಿಮಿಷವನ್ನೂ ಹಾಕಿದ್ದೆ. ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿದರು. ಎರಡು ಕಡೆ ಇಸವಿ ತಿದ್ದಿದರು, ಒಬ್ಬ ಸಾಹುಕಾರರ ಹೆಸರು ತೆಗೆಸಿದರು. ‘ಮೊದಲ ದಿನದ್ದು ಅಳಿಸಿಬಿಡ್ಲಾ? ಅದರಲ್ಲಿ ನಿಮ್ಮ ಮಾತೇ ಕಡಿಮೆ’ ಅಂದೆ. ಮಗ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು.

‘ಬ್ಯಾಡ, ಇರ್ಲಿ’ ಅಂದರು ಅಪ್ಪಯ್ಯ. ‘ಇವ ಎಷ್ಟು ಮಾತಾಡ್ತಾನೆ ಅಂತ ಇವನ ಮಕ್ಳಿಗೂ ಗೊತ್ತಾಗ್ಲಿ.’